ನಿಂದೆಗಂಜದ ಅ. ನ. ಕೃಷ್ಣರಾಯರು

ಮನೆಯೊಳಗೆ ಆಡಿದ ಸತ್ಯಕ್ಕೆ ಬೆಲೆ ತೆರಬೇಕಾಗಿಲ್ಲ. ಸಭೆಯಲ್ಲಿ ಆಡಿದ ಸತ್ಯಕ್ಕೆ ತೆರಲೇಬೇಕು. ಲೋಕದ ಆದರವನ್ನೇ ನಂಬಿ ಬಾಳುವ ಕಲಾವಿದನಿಗಂತೂ ಆ ಬೆಲೆ ಬಹು ದೊಡ್ಡದು. ಅದನ್ನು ಅರಿತೂ ನುಡಿದವರಲ್ಲಿ ಅ. ನ. ಕೃಷ್ಣರಾಯರು ಗಣ್ಯರು.

ಹಾಸನ ಜಿಲ್ಲೆಯ ಅರಕಲಗೂಡು ಅವರ ಮನೆತನದ ಊರು. ಹೆಸರಿನ ಮೊದಲಕ್ಷರವು ಆ ಊರನ್ನೇ ಸೂಚಿಸುತ್ತದೆ. ನರಸಿಂಗರಾಯರ ಪುತ್ರರಾಗಿ 1908ನೆಯ ಮೇ 9ರಂದು ಕೋಲಾರದಲ್ಲಿ ಜನಿಸಿದ ಅವರು ಲೇಖನಿಯನ್ನೇ ಜೀವನೋಪಾಯವಾಗಿ ಸ್ವೀಕರಿಸಿ, ನೂರಕ್ಕೂ ಮಿಕ್ಕ ಗ್ರಂಥಗಳನ್ನು ರಚಿಸಿದರು. ‘ಸಂಧ್ಯಾರಾಗ’ದಲ್ಲಿ ಗಾಯಕನ, ‘ಉದಯರಾಗ’ದಲ್ಲಿ ಚಿತ್ರಕಾರನ, ‘ನಟಸಾರ್ವಭೌಮ’ದಲ್ಲಿ ರಂಗನಟನ ಬಾಳನ್ನು ಚಿತ್ರಿಸಿ, ಕಲಾವಿದನ ಬದುಕಿಗೆ ಕಾದಂಬರಿಯಲ್ಲಿ ಗೌರವದ ಸ್ಥಾನವನ್ನಿತ್ತರು. ಜನ್ಮತಃ ವೀರಶೈವರಲ್ಲದಿದ್ದರೂ ಶರಣವಾಙ್ಮಯವನ್ನು ಶ್ರದ್ಧೆಯಿಂದ ವ್ಯಾಸಂಗ ಮಾಡಿ ‘ವೀರಶೈವ ಸಾಹಿತ್ಯ ಮತ್ತು ಸಂಸ್ಕೃತಿ’ ಎಂಬ ಗ್ರಂಥವನ್ನು ಬರೆದರು.

1940ರ ದಶಕದಲ್ಲಿ ಪ್ರಗತಿಶೀಲ ಸಾಹಿತ್ಯದ ಮುಂದಾಳುಗಳಾಗಿ ನಿಂತ ಕೃಷ್ಣರಾಯರು, ಸಾಹಿತ್ಯವು ದೀನದಲಿತರ ನೋವಿಗೆ ಕಣ್ಣು ಮುಚ್ಚಲಾಗದೆಂದು ಸಾರಿದರು. ಸಾರಿದಂತೆಯೇ ನಡೆದು, ಸಮಾಜವು ತಾನೇ ಪೋಷಿಸಿ ತಾನೇ ಹಳಿಯುವ ವೇಶ್ಯಾವೃತ್ತಿಯ ದುರಂತವನ್ನು ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಎಂಬ ಕಾದಂಬರಿಗಳಲ್ಲಿ ಬಯಲಿಗಿಟ್ಟರು. ಕೂಡಲೇ ಅಶ್ಲೀಲಕರ್ತೃವೆಂಬ ಅಪವಾದವು ಅವರ ತಲೆಯ ಮೇಲೆ ಬಿದ್ದಿತು. ಹಿಂದೆ ಕೊಂಡಾಡಿದ ನಾಲಗೆಗಳೇ ಹಳಿದವು. ಜೊತೆಯ ಪ್ರಗತಿಶೀಲರಲ್ಲಿಯೂ ಕೆಲವರು ವಿಮುಖರಾದರು. ಲೇಖನಿಯಿಂದಲೇ ಅನ್ನವನ್ನು ಗಳಿಸುವವನಿಗೆ ಓದುಗರ ಮನ ಕೆಡುವುದೆಂದರೆ ಒಲೆಗೆ ನೀರು ಬಿದ್ದಂತೆ. ಆದರೂ ಅವರು ಬರೆದುದನ್ನು ಹಿಂತೆಗೆದುಕೊಳ್ಳಲಿಲ್ಲ. ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಗ್ರಂಥವನ್ನೇ ರಚಿಸಿ ಆಕ್ಷೇಪಗಳಿಗೆ ಸಮಾಧಾನವನ್ನು ಹೇಳಿದರು. ಬೈಗುಳಕ್ಕೆ ಬೈಗುಳವಲ್ಲ, ವಿಚಾರವೇ ಉತ್ತರವಾಯಿತು.

1960ರ ದಶಕದ ಆರಂಭದಲ್ಲಿ ಮತ್ತೊಂದು ಪರೀಕ್ಷೆ ಒದಗಿತು. ಬೆಂಗಳೂರಿನ ರಾಮೋತ್ಸವದ ಸಂಗೀತ ಸಭೆಗಳಲ್ಲಿ ಕನ್ನಡನಾಡಿನ ವಿದ್ವಾಂಸರಿಗೂ ಕನ್ನಡದ ಕೃತಿಗಳಿಗೂ ತಕ್ಕ ಮನ್ನಣೆಯಿಲ್ಲದಿರುವುದನ್ನು ಕಂಡು ಅವರು ಬಹಿರಂಗವಾಗಿ ಪ್ರತಿಭಟಿಸಿದರು. ಸಂಗೀತಕ್ಕೆ ಭಾಷೆಯ ಬೇಲಿ ಕಟ್ಟುವುದು ಸಲ್ಲದೆಂಬ ಮಾತು ಎದ್ದಿತು. ಸ್ವತಃ ಸಂಗೀತರಸಿಕರಾಗಿದ್ದ ಅವರಿಗೆ ಈ ಆಕ್ಷೇಪವು ಸಣ್ಣದಾಗಿರಲಿಲ್ಲ. ಆದರೆ ಅವರು ಬೇಡಿದುದು ಅತಿಥಿಯನ್ನು ಹೊರಗಟ್ಟುವುದನ್ನಲ್ಲ. ಮನೆಯ ಮಗನಿಗೂ ಪಂಕ್ತಿಯಲ್ಲಿ ಒಂದು ಎಲೆಯನ್ನು. ಆ ಕೂಗಿನಿಂದ ಕನ್ನಡ ಚಳವಳಿಗೆ ಬಲ ಬಂದಿತು.

ನಿಂದೆಯ ಬೆನ್ನಿಗೆ ಮನ್ನಣೆಯೂ ಬಂದುದುಂಟು. 1960ರಲ್ಲಿ ಮಣಿಪಾಲದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠ ಅವರದಾಯಿತು. 1971ನೆಯ ಜುಲೈ 8ರಂದು ದೇಹ ಬಿಟ್ಟರು.

ಅವರ ಎಲ್ಲ ಮಾತುಗಳನ್ನೂ ಒಪ್ಪಬೇಕೆಂಬ ನಿಯಮವಿಲ್ಲ. ಆದರೆ ನುಡಿದಂತೆ ನಡೆಯುವುದೇ ಶರಣಧರ್ಮದ ತಿರುಳು. ಹೊಗಳಿಕೆಯಿರುವಾಗ ನುಡಿದಂತೆ ನಡೆಯುವುದು ಎಲ್ಲರಿಗೂ ಸಾಧ್ಯ. ಸುತ್ತಲೂ ನಿಂದೆಯಿರುವಾಗ ನಡೆದವನೇ ನಿಜವಾಗಿ ನುಡಿದವನು. ನೆರೆಯ ಅನ್ಯಾಯವನ್ನು ಕಂಡೂ ನಂಟಸ್ತಿಕೆ ಕೆಟ್ಟೀತೆಂದು ತುಟಿ ಹೊಲಿದುಕೊಳ್ಳುವ ಗೃಹಸ್ಥನು ಅರಕಲಗೂಡಿನ ಈ ಹಿರಿಯರನ್ನು ಒಮ್ಮೆ ನೆನೆಯಬೇಕು.