ದಾದಾಭಾಯಿ ನವರೋಜಿ ಮತ್ತು ಸರ್ಕಾರಿ ಸೇವೆಯ ನೇಮಕಾತಿ

ಭಾರತದ ಸರ್ಕಾರಿ ಸೇವೆಯ ನೇಮಕಾತಿ ಕ್ರಮವನ್ನು ತಿದ್ದುವ ಕಾರ್ಯಕ್ಕೆ ಜೀವನದ ಬಹುಭಾಗವನ್ನು ಮೀಸಲಿಟ್ಟವರಲ್ಲಿ ದಾದಾಭಾಯಿ ನವರೋಜಿ ಅವರು ಅಗ್ರಗಣ್ಯರು. 1825ರ ಸೆಪ್ಟೆಂಬರ್ 4ರಂದು ಮುಂಬಯಿಯಲ್ಲಿ, ಪಾರ್ಸಿ ಪುರೋಹಿತ ಮನೆತನದಲ್ಲಿ ಜನಿಸಿದ ಅವರು ನಾಲ್ಕನೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡು, ತಾಯಿ ಮಾಣೆಕ್‌ಬಾಯಿಯವರ ಪೋಷಣೆಯಲ್ಲಿ ಬೆಳೆದರು. ಎಲ್ಫಿನ್‌ಸ್ಟನ್ ವಿದ್ಯಾಸಂಸ್ಥೆಯಲ್ಲಿ ಕಲಿತು, ಅಲ್ಲಿಯೇ ಗಣಿತದ ಪ್ರಾಧ್ಯಾಪಕರಾದರು. ಆ ಪದವಿಗೇರಿದ ಮೊದಲ ಭಾರತೀಯರು ಅವರೇ.

1855ರಲ್ಲಿ ಅವರು ವ್ಯಾಪಾರಕ್ಕಾಗಿ ಲಂಡನ್ನಿಗೆ ತೆರಳಿದರು. ಸಿವಿಲ್ ಸರ್ವಿಸ್‌ಗೆ ಸ್ಪರ್ಧಾತ್ಮಕ ಪರೀಕ್ಷೆ ಅಲ್ಲಿ ಆರಂಭವಾದದ್ದೂ ಅದೇ ವರ್ಷ. ಜಾತಿ, ವರ್ಣ, ಧರ್ಮಗಳ ಭೇದವಿಲ್ಲದೆ ಹುದ್ದೆ ದೊರೆಯಬೇಕೆಂದು 1833ರ ಶಾಸನ ಸಾರಿತ್ತು. 1858ರ ರಾಣಿಯ ಘೋಷಣೆಯೂ ಅದನ್ನೇ ಪುನರುಚ್ಚರಿಸಿತು. ಆದರೆ ಪರೀಕ್ಷೆ ಲಂಡನ್ನಿನಲ್ಲಿ ಮಾತ್ರ ನಡೆಯುತ್ತಿದ್ದುದರಿಂದ ಆ ಭರವಸೆ ಕಾಗದದಲ್ಲಿಯೇ ಉಳಿಯಿತು. ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡದ ತರುಣನೂ ಕಲೆಕ್ಟರನಾಗಬೇಕಿದ್ದರೆ ಸಮುದ್ರ ದಾಟಿಯೇ ಪರೀಕ್ಷೆಗೆ ಕೂರಬೇಕಿತ್ತು. ಮೊದಲು 23 ಆಗಿದ್ದ ಗರಿಷ್ಠ ವಯೋಮಿತಿ 1878ರ ಹೊತ್ತಿಗೆ 19ಕ್ಕೆ ಇಳಿಯಿತು.

ದಾದಾಭಾಯಿಯವರ ಬೇಡಿಕೆ ರಿಯಾಯಿತಿಯದಾಗಿರಲಿಲ್ಲ. ಭಾರತದಲ್ಲಿಯೂ ಇಂಗ್ಲೆಂಡಿನಲ್ಲಿಯೂ ಏಕಕಾಲಕ್ಕೆ ಪರೀಕ್ಷೆ ನಡೆಯಲಿ, ಅರ್ಹತಾಪಟ್ಟಿ ಒಂದೇ ಇರಲಿ ಎಂಬುದು ಅವರ ನಿಲುವು. ಇದನ್ನು ಅವರು ತಮ್ಮ ಸಂಪತ್ತಿನ ಸೋರಿಕೆಯ ಸಿದ್ಧಾಂತದೊಂದಿಗೆ ಜೋಡಿಸಿದರು. ಪರದೇಶದ ಅಧಿಕಾರಿ ನಿವೃತ್ತನಾಗಿ ಮರಳುವಾಗ ಅವನ ಉಳಿತಾಯ, ನಿವೃತ್ತಿವೇತನಗಳಷ್ಟೇ ಅಲ್ಲ, ಆಡಳಿತದ ಅನುಭವವೂ ದೇಶವನ್ನು ಬಿಟ್ಟುಹೋಗುತ್ತದೆ ಎಂದು ಅವರು ತೋರಿಸಿಕೊಟ್ಟರು.

1886ರಲ್ಲಿ ನೇಮಕಗೊಂಡ ಏಚಿಸನ್ ಆಯೋಗ ಏಕಕಾಲಿಕ ಪರೀಕ್ಷೆಯನ್ನು ಒಪ್ಪದೆ, ಭಾರತೀಯರಿಗೆ ಕೆಳದರ್ಜೆಯ ಪ್ರಾಂತೀಯ ಸೇವೆಯನ್ನು ಸೂಚಿಸಿತು. 1892ರಲ್ಲಿ ದಾದಾಭಾಯಿಯವರು ಸೆಂಟ್ರಲ್ ಫಿನ್ಸ್‌ಬರಿ ಕ್ಷೇತ್ರದಿಂದ ಕೇವಲ 5 ಮತಗಳ ಅಂತರದಲ್ಲಿ ಬ್ರಿಟಿಷ್ ಪಾರ್ಲಿಮೆಂಟಿಗೆ ಆಯ್ಕೆಯಾದರು. 1893ರ ಜೂನ್ 2ರಂದು ಹರ್ಬರ್ಟ್ ಪಾಲ್ ಮಂಡಿಸಿದ ಏಕಕಾಲಿಕ ಪರೀಕ್ಷೆಯ ನಿರ್ಣಯವನ್ನು ಅವರು ಬೆಂಬಲಿಸಿದರು. ನಿರ್ಣಯ 84–76 ಮತಗಳಿಂದ ಅಂಗೀಕೃತವಾಯಿತು. ಆದರೆ ಮದರಾಸಿನ ಹೊರತು ಉಳಿದ ಪ್ರಾಂತೀಯ ಸರ್ಕಾರಗಳೆಲ್ಲ ವಿರೋಧಿಸಿದವು. 1894ರಲ್ಲಿ ಅದನ್ನು ಕೈಬಿಡಲಾಯಿತು.

ಪರೀಕ್ಷೆಯಿಂದ ಕೆಲವೇ ವರ್ಗಗಳಿಗೆ ಲಾಭವೆಂಬುದು ಸರ್ಕಾರದ ಒಂದು ಆಕ್ಷೇಪವಾಗಿತ್ತು. ಅಧಿಕಾರ ಉಳಿಸಿಕೊಳ್ಳುವ ನೆಪವಾಗಿ ಅದು ಬಳಕೆಯಾಯಿತೆಂಬುದು ನಿಜ. ಆದರೆ ಪ್ರಶ್ನೆಯೇ ಹುಸಿಯಾಗಿರಲಿಲ್ಲ. 1918ರಲ್ಲಿ ಮೈಸೂರು ಸಂಸ್ಥಾನ ನೇಮಿಸಿದ ಮಿಲ್ಲರ್ ಸಮಿತಿ, ಹಿಂದುಳಿದ ಸಮುದಾಯಗಳ ಪ್ರಾತಿನಿಧ್ಯದ ರೂಪದಲ್ಲಿ ಅದನ್ನೇ ಎದುರಿಸಬೇಕಾಯಿತು. ಪರೀಕ್ಷೆಯ ಸ್ಥಳ ಬದಲಾದರೆ ನ್ಯಾಯದ ಅರ್ಧಭಾಗ ಮಾತ್ರ ದೊರೆಯುತ್ತದೆ ಎಂಬುದನ್ನು ದಾದಾಭಾಯಿಯವರ ತಲೆಮಾರು ಪೂರ್ತಿಯಾಗಿ ಕಂಡಿರಲಿಲ್ಲ.

ಕೊನೆಯ ವರ್ಷಗಳನ್ನು ಮುಂಬಯಿಯ ಉಪನಗರವಾದ ವರ್ಸೋವಾದಲ್ಲಿ ಕಳೆದ ಅವರು 1917ರ ಜೂನ್ 30ರಂದು ನಿಧನರಾದರು. ಭಾರತದ ನೆಲದಲ್ಲಿ ಆ ಪರೀಕ್ಷೆ ಮೊದಲ ಬಾರಿಗೆ ನಡೆದದ್ದು 1922ರಲ್ಲಿ, ಅಲಹಾಬಾದಿನಲ್ಲಿ. ಅರ್ಧ ಶತಮಾನ ಅವರು ಕೇಳಿದ್ದು ಅವರ ಕಣ್ಮರೆಯ ಐದು ವರ್ಷಗಳ ನಂತರ ಕೈಗೂಡಿತು.