ದಿವಾನ್ ರಂಗಾಚಾರ್ಲು ಅವರೂ ಪ್ರಜಾಪ್ರತಿನಿಧಿ ಸಭೆಯೂ

ಕಡೂರು, ತರೀಕೆರೆ, ಅಜ್ಜಂಪುರಗಳ ರೈತನು ಸರ್ಕಾರಕ್ಕೆ ಕಂದಾಯವನ್ನು ತೆರುತ್ತ ಬಂದುದು ಬಹು ಪುರಾತನವಾದ ಸಂಗತಿ. ಆ ಹಣವೇನಾಯಿತೆಂಬ ಲೆಕ್ಕವನ್ನು ಸಂಸ್ಥಾನದ ದಿವಾನರೇ ಪ್ರಜೆಗಳ ಕಡೆಯವರ ಮುಂದೆ ಒಪ್ಪಿಸಿದುದು ಮಾತ್ರ 1881ನೆಯ ಇಸವಿ ಅಕ್ಟೋಬರ್ 7ರಂದು ಮೊದಲಾಯಿತು. ಹಾಗೆ ಒಪ್ಪಿಸಿದವರು ಸಿ. ವಿ. ರಂಗಾಚಾರ್ಲು.

ಇವರು ಜನಿಸಿದುದು 1831ರಲ್ಲಿ, ಮದರಾಸು ಆಧಿಪತ್ಯದ ಚೆಂಗಲ್ಪಟ್ಟು ಜಿಲ್ಲೆಯಲ್ಲಿ. ಅಲ್ಲಿಯ ಸರ್ಕಾರದ ನೌಕರಿಯಲ್ಲಿ ನುರಿತು, 1868ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಾಲವಾದ ತರುವಾಯ ಅರಮನೆಯ ವ್ಯವಹಾರಗಳನ್ನು ಸರಿಪಡಿಸುವುದಕ್ಕಾಗಿ ಮೈಸೂರಿಗೆ ಬಂದರು. ಪರಸ್ಥಳದವರೆಂಬ ಮಾತು ಇವರನ್ನು ಬಿಡಲಿಲ್ಲವಾದರೂ, ಮೈಸೂರಿನ ಬ್ರಿಟಿಷ್ ಆಡಳಿತವನ್ನು ವಿಮರ್ಶಿಸುವ ಪುಸ್ತಿಕೆಯನ್ನು 1874ರಲ್ಲಿ ಹೊರಡಿಸಿದವರು ಇವರೇ.

1881ರ ಮಾರ್ಚ್ 25ರಂದು ಹದಿನೆಂಟು ವರ್ಷ ವಯಸ್ಸಿನ ಚಾಮರಾಜೇಂದ್ರ ಒಡೆಯರಿಗೆ ರಾಜ್ಯವು ಮರಳಿದಾಗ ರಂಗಾಚಾರ್ಲು ದಿವಾನರಾದರು. ಕೈಗೆ ಬಂದ ರಾಜ್ಯವಾದರೂ ಎಂತಹದು? 1876-78ರ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನರು ಮಡಿದಿದ್ದರು. ಬ್ರಿಟಿಷ್ ಸರ್ಕಾರಕ್ಕೆ 80 ಲಕ್ಷ ರೂಪಾಯಿಗಳ ಸಾಲವಿತ್ತು. ಮಿತವ್ಯಯವು ಅನಿವಾರ್ಯವಾಯಿತು. 1882ರಲ್ಲಿ ಹಾಸನ, ಚಿತ್ರದುರ್ಗ ಜಿಲ್ಲೆಗಳನ್ನೇ ರದ್ದುಪಡಿಸಿದರು. ಹಾಸನವು ಕೆಲವು ಕಾಲ ಕಡೂರು ಜಿಲ್ಲೆಯ ಒಂದು ಉಪವಿಭಾಗವಾಗಿದ್ದು, 1886ರಲ್ಲಿ ಮತ್ತೆ ಜಿಲ್ಲೆಯಾಯಿತು.

ಇಂತಹ ದುರ್ದಿನದಲ್ಲಿ ದಿವಾನರು ಪ್ರಜೆಗಳನ್ನು ಕರೆದರು. ತಾಲ್ಲೂಕಿಗೆ ಒಬ್ಬಿಬ್ಬರು ತಿಳಿವಳಿಕೆಯುಳ್ಳ ರೈತರು, ಜಿಲ್ಲೆಗೆ ಮೂರು ನಾಲ್ಕು ಮಂದಿ ವರ್ತಕರು ಬರಬೇಕೆಂಬ ಆಜ್ಞೆಯು 1881ರ ಆಗಸ್ಟ್ 25ರಂದು ಹೊರಟಿತು. ದಸರೆಯ ಕಾಲದಲ್ಲಿ ಮೈಸೂರಿನಲ್ಲಿ 144 ಮಂದಿ ಕೂಡಿದರು. ಆಗ ಕಡೂರು ಸೀಮೆಗೆ ರೈಲು ಇರಲಿಲ್ಲ. ಅದು ಬಂದುದು 1889ರಲ್ಲಿ. ಈ ಭಾಗದವರು ಮೈಸೂರಿಗೆ ಹೋಗಬೇಕಾದರೆ ಎತ್ತಿನ ಗಾಡಿಯೇ ಗತಿ. ಅಷ್ಟು ದೂರ ಹೋದವನಿಗೆ ಅಲ್ಲಿ ದೊರೆತ ಅಧಿಕಾರವೆಷ್ಟು?

ಸತ್ಯವನ್ನು ಮರೆಮಾಚಬಾರದು. ಅಮೇರಿಕದ ಜನರು ತಮ್ಮ ಪ್ರತಿನಿಧಿಗಳಿಲ್ಲದ ಸಭೆಯು ಹಾಕಿದ ತೆರಿಗೆಯನ್ನು ಒಪ್ಪದೆ ಇಂಗ್ಲೆಂಡಿನೊಡನೆ ಹೋರಾಡಿ, 1787ರಲ್ಲಿ ರಚಿಸಿದ ರಾಜ್ಯಾಂಗದಲ್ಲಿ ತೆರಿಗೆಯ ಮಸೂದೆಗಳು ಜನರಾರಿಸಿದ ಸಭೆಯಲ್ಲಿಯೇ ಹುಟ್ಟಬೇಕೆಂದು ವಿಧಿಸಿದರು. ಅಲ್ಲಿ ಅಧಿಕಾರವು ಜನರಿಂದ ಮೇಲಕ್ಕೇರಿತು. ಮೈಸೂರಿನಲ್ಲಿಯೋ ಸಭೆಯು ಮಹಾರಾಜರ ಆಜ್ಞೆಯಿಂದ ಬಂದುದು, ಆಜ್ಞೆಯಿಂದಲೇ ನಿಲ್ಲಬಹುದಾಗಿದ್ದುದು. ಮೊದಲಿನ ಸದಸ್ಯರನ್ನು ಜನರು ಚುನಾಯಿಸಲೂ ಇಲ್ಲ. ಆಯವ್ಯಯವನ್ನು ಕೇಳಬಹುದು, ಕುಂದುಕೊರತೆಗಳನ್ನು ಅರಿಕೆಮಾಡಿಕೊಳ್ಳಬಹುದು. ಒಂದು ಕಾಸನ್ನೂ ತಡೆಯುವಂತಿರಲಿಲ್ಲ. ಹೀಗಿದ್ದರೂ, ದೊರೆಗಳ ಸಂಸ್ಥಾನಗಳಲ್ಲಿ ಇಂತಹ ಸಭೆಯು ಇದೇ ಮೊದಲನೆಯದು. ಲೆಕ್ಕ ಹೇಳಿ ಅಭ್ಯಾಸವಾದ ಸರ್ಕಾರವು ಲೆಕ್ಕವನ್ನು ಮುಚ್ಚಿಡುವುದು ಕಷ್ಟ. ರಂಗಾಚಾರ್ಲು ಅವರ ಜಾಣ್ಮೆಯಿದ್ದುದು ಇಲ್ಲಿಯೇ ಎಂದು ನಮ್ಮ ಅಭಿಪ್ರಾಯ.

1882ರ ಸಭೆಯಲ್ಲಿ ಅವರು ಬೇಸಾಯದೊಡನೆ ಕೈಗಾರಿಕೆಯೂ ಬೆಳೆಯಬೇಕೆಂಬ ವಿಚಾರವನ್ನು ವಿಸ್ತರಿಸಿದರು. ಅದೇ ಅವರ ಕಡೆಯ ಸಭೆ. 1883ರ ಜನವರಿ 20ರಂದು ಮದರಾಸಿನಲ್ಲಿ ತೀರಿಕೊಂಡರು. ದಿವಾನಗಿರಿಯು ಎರಡು ವರ್ಷವೂ ತುಂಬಿರಲಿಲ್ಲ.

ಅವರು ಕೊಡದೆ ಉಳಿಸಿದುದನ್ನು ಜನರು ಮುಂದೆ ತುಸುತುಸುವಾಗಿ ಪಡೆದರು. 1891ರಲ್ಲಿ ಚುನಾವಣೆ ಬಂದಿತು, ಆದರೆ ಆಸ್ತಿವಂತರಿಗೆ ಮಾತ್ರ. 1923ರ ಸುಧಾರಣೆಯಿಂದ ಸಭೆಗೆ ಶಾಸನದ ಆಧಾರ ದೊರೆಯಿತು. ಜವಾಬ್ದಾರಿ ಸರ್ಕಾರಕ್ಕಾಗಿ 1947ರಲ್ಲಿ ಚಳವಳಿಯನ್ನೇ ಹೂಡಬೇಕಾಯಿತು. ಆ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವು ಅಧಿಕಾರಕ್ಕೆ ಬಂದಿತು. ಪ್ರಜಾಪ್ರತಿನಿಧಿ ಸಭೆಯು 1949ರಲ್ಲಿ ವಿಸರ್ಜನೆಯಾಯಿತು. ಮೈಸೂರಿನ ಪುರಭವನವು ಇಂದಿಗೂ ರಂಗಾಚಾರ್ಲು ಅವರ ಹೆಸರಿನಲ್ಲಿದೆ.