ಅರ್ಥಶಾಸ್ತ್ರಕೋವಿದ ಡಾ. ವಿ. ಕೆ. ಆರ್. ವಿ. ರಾವ್

ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರವನ್ನು ಅಭ್ಯಸಿಸುವ ವಿದ್ಯಾರ್ಥಿಯು ಪ್ರಾರಂಭದ ಪಾಠಗಳನ್ನು ಮುಗಿಸಿ ಸಮಗ್ರ ಅರ್ಥಶಾಸ್ತ್ರದ ನಡುಮನೆಯನ್ನು ಪ್ರವೇಶಿಸುತ್ತಲೇ ಎರಡು ಪ್ರಮೇಯಗಳು ಅವನ ಎದುರಿಗೆ ನಿಲ್ಲುತ್ತವೆ. ರಾಷ್ಟ್ರೀಯ ವರಮಾನವನ್ನು ಅಳೆಯುವುದು ಹೇಗೆ ಎಂಬುದು ಮೊದಲನೆಯದು. ಹೂಡಿಕೆ ಹೆಚ್ಚಿದರೆ ಆ ವರಮಾನವು ಎಷ್ಟು ಪಟ್ಟು ಹೆಚ್ಚೀತು ಎಂಬುದು ಎರಡನೆಯದು. ಪರೀಕ್ಷೆಗಾಗಿ ಓದುವವರಿಗೆ ಇವು ಕೇವಲ ಸೂತ್ರಗಳು. ಇವೆರಡನ್ನೂ ಅವುಗಳ ಉಗಮಸ್ಥಾನದಲ್ಲಿಯೇ ಕಲಿತು ಬಂದು, ಭಾರತದ ಹೊಲಗದ್ದೆಗಳ ನಡುವೆ ಒರೆಗೆ ಹಚ್ಚಿ, ಒಂದನ್ನು ಸ್ವೀಕರಿಸಿ ಮತ್ತೊಂದನ್ನು ಪ್ರಶ್ನಿಸಿದ ವಿದ್ವಾಂಸರು ವಿಜಯೇಂದ್ರ ಕಸ್ತೂರಿರಂಗ ವರದರಾಜ ರಾವ್ ಅವರು.

1908ರ ಜುಲೈ 8ರಂದು ಕಾಂಚೀಪುರದಲ್ಲಿ ಜನಿಸಿದ ರಾವ್ ಅವರ ಉನ್ನತ ವ್ಯಾಸಂಗ ಮುಂಬಯಿಯಲ್ಲಿ ನಡೆಯಿತು. ಭಾರತದ ಆದಾಯ ತೆರಿಗೆಯನ್ನು ಕುರಿತ ಅವರ ಗ್ರಂಥ 1931ರಲ್ಲಿ ಪ್ರಕಟವಾದಾಗ ಅವರಿಗೆ ಇನ್ನೂ ಇಪ್ಪತ್ತಮೂರರ ಪ್ರಾಯ. ಆ ಬಳಿಕ ಇಂಗ್ಲೆಂಡಿಗೆ ತೆರಳಿ ಕೇಂಬ್ರಿಜ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಅದು ವಿಶ್ವವೇ ಆರ್ಥಿಕ ಕುಸಿತದಿಂದ ತತ್ತರಿಸುತ್ತಿದ್ದ ಕಾಲ. ಪಶ್ಚಿಮದ ದೇಶಗಳಲ್ಲಿ ಯಂತ್ರಗಳಿದ್ದವು, ಕುಶಲ ಕಾರ್ಮಿಕರಿದ್ದರು. ಕೊಳ್ಳುವವರಿಲ್ಲದೆ ಕಾರ್ಖಾನೆಗಳು ಮುಚ್ಚಿದ್ದವು. ಈ ವಿಪರೀತಕ್ಕೆ ಹಳೆಯ ಶಾಸ್ತ್ರದಲ್ಲಿ ಸಮರ್ಪಕ ಉತ್ತರ ದೊರೆಯದಿರಲು ಜಾನ್ ಮೇನಾರ್ಡ್ ಕೇನ್ಸ್ ಅವರು ಹೊಸದೊಂದು ಸಿದ್ಧಾಂತವನ್ನು ಕಟ್ಟುತ್ತಿದ್ದರು. 1936ರಲ್ಲಿ ಹೊರಬಂದ ಅವರ ಮಹಾಗ್ರಂಥವು ರೂಪುಗೊಳ್ಳುತ್ತಿದ್ದ ವರ್ಷಗಳಲ್ಲಿಯೇ ರಾವ್ ಅವರು ಕೇನ್ಸರ ಶಿಷ್ಯರಾಗಿದ್ದುದು ಒಂದು ಸುಯೋಗ. ರಾಷ್ಟ್ರೀಯ ವರಮಾನದ ಗಣನೆಯಲ್ಲಿ ಅಗ್ರಗಣ್ಯರಾದ ಕಾಲಿನ್ ಕ್ಲಾರ್ಕ್ ಅವರೂ ಆಗ ಅಲ್ಲಿಯೇ ಉಪನ್ಯಾಸಕರಾಗಿದ್ದರು.

ರಾವ್ ಅವರು ಸಂಶೋಧನೆಗೆ ಆರಿಸಿಕೊಂಡ ವಿಷಯ ಬ್ರಿಟಿಷ್ ಭಾರತದ ರಾಷ್ಟ್ರೀಯ ವರಮಾನ. ಈ ಪ್ರಶ್ನೆಯನ್ನು ಮೊದಲು ಎತ್ತಿದವರು ದಾದಾಭಾಯಿ ನವರೋಜಿಯವರು. 1867-68ರಲ್ಲಿ ಭಾರತೀಯನ ಸರಾಸರಿ ವಾರ್ಷಿಕ ವರಮಾನ 20 ರೂಪಾಯಿ ಎಂದು ಅವರು ಅಂದಾಜು ಮಾಡಿದ್ದರು. ಆದರೆ ಇಂಗ್ಲೆಂಡಿನಲ್ಲಿ ನಡೆಯುವ ಗಣನೆ ಇಲ್ಲಿ ನಡೆಯುವಂತಿರಲಿಲ್ಲ. ಅಲ್ಲಿ ಕೂಲಿಯ ಪಟ್ಟಿ, ತೆರಿಗೆಯ ಲೆಕ್ಕ, ಕಂಪನಿಗಳ ಖಾತೆಗಳು ಲಭ್ಯ. ಇಲ್ಲಿ ರೈತನು ತಾನು ಬೆಳೆದ ಜೋಳವನ್ನು ತನ್ನ ಮನೆಯಲ್ಲೇ ಉಣ್ಣುತ್ತಾನೆ. ಕಮ್ಮಾರನಿಗೆ ಸುಗ್ಗಿಯಲ್ಲಿ ಆಯವಾಗಿ ಕಾಳು ಸಲ್ಲುತ್ತದೆ. ಹಣದ ಮುಖವನ್ನೇ ಕಾಣದ ಈ ವರಮಾನವನ್ನು ಯಾವ ಖಾತೆಯಲ್ಲಿ ಹುಡುಕುವುದು? ರಾವ್ ಅವರು ಎರಡು ವಿಧಾನಗಳನ್ನು ಸಮನ್ವಯಗೊಳಿಸಿದರು. ಬೇಸಾಯ, ಪಶುಪಾಲನೆ, ಅರಣ್ಯ, ಗಣಿ, ಮೀನುಗಾರಿಕೆ ಇವುಗಳಲ್ಲಿ ಉತ್ಪನ್ನದ ಪ್ರಮಾಣವನ್ನು ಅಳೆದು ಬೆಲೆ ಕಟ್ಟಿದರು. ಕೈಗಾರಿಕೆ, ಸಾರಿಗೆ, ಸರ್ಕಾರಿ ಸೇವೆ ಮೊದಲಾದವುಗಳಲ್ಲಿ ಜನರು ಗಳಿಸಿದ ವರಮಾನವನ್ನು ಕೂಡಿಸಿದರು. 1931-32ರಲ್ಲಿ ತಲಾ ವಾರ್ಷಿಕ ವರಮಾನ 62 ರೂಪಾಯಿ ಎಂಬುದು ಅವರು ಕಂಡ ಫಲಿತಾಂಶ. ನಗರವಾಸಿಗೆ 166 ರೂಪಾಯಿಯಾದರೆ ಹಳ್ಳಿಗನಿಗೆ 51 ರೂಪಾಯಿ. ಸರಾಸರಿಯೊಳಗೆ ಅಡಗಿದ್ದ ಈ ಅಂತರವೇ ಆ ಸಂಶೋಧನೆಯ ಮರ್ಮವೆನ್ನಬೇಕು. 1937ರಲ್ಲಿ ಅವರಿಗೆ ಡಾಕ್ಟರೇಟ್ ಪದವಿ ಲಭಿಸಿತು. ಗ್ರಂಥವು 1940ರಲ್ಲಿ ಪ್ರಕಟವಾಯಿತು. ಸ್ವಾತಂತ್ರ್ಯಾನಂತರ 1949ರಲ್ಲಿ ಸರ್ಕಾರವು ಮಹಾಲನೋಬಿಸರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ವರಮಾನ ಸಮಿತಿಯನ್ನು ನೇಮಿಸಿದಾಗ ಡಿ. ಆರ್. ಗಾಡ್ಗೀಳರೊಡನೆ ರಾವ್ ಅವರೂ ಸದಸ್ಯರಾದರು.

ಸ್ವದೇಶಕ್ಕೆ ಮರಳಿ ಅಹಮದಾಬಾದಿನಲ್ಲಿ ಕಾಲೇಜಿನ ಪ್ರಾಚಾರ್ಯರಾಗಿದ್ದು, 1942ರಲ್ಲಿ ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದರು. ಏಳು ವರ್ಷಗಳ ಬಳಿಕ ದೆಹಲಿ ಅರ್ಥಶಾಸ್ತ್ರ ಶಾಲೆಯನ್ನು ಸ್ಥಾಪಿಸಿದರು. ಅದರ ಆಶ್ರಯದಲ್ಲಿ 1952ರಲ್ಲಿ ಪ್ರಾರಂಭವಾದ ಇಂಡಿಯನ್ ಎಕನಾಮಿಕ್ ರಿವ್ಯೂ ಪತ್ರಿಕೆಯಲ್ಲಿ ಅವರು ಗುಣಕ ಸಿದ್ಧಾಂತವನ್ನು ಕುರಿತು ಬರೆದ ಲೇಖನವು ಅವರ ಬರಹಗಳಲ್ಲೆಲ್ಲ ಅತ್ಯಂತ ಧೀರವಾದುದು.

ಗುಣಕದ ತತ್ತ್ವ ಹೀಗಿದೆ. ಸರ್ಕಾರವು ಒಂದು ರಸ್ತೆಗೆ 100 ರೂಪಾಯಿ ವೆಚ್ಚ ಮಾಡಿತೆನ್ನೋಣ. ಕೂಲಿ ಪಡೆದವರು ಅದರಲ್ಲಿ 80 ರೂಪಾಯಿಯನ್ನು ಖರ್ಚು ಮಾಡಿದರೆ ಅದು ಅಂಗಡಿಯವನ ವರಮಾನ. ಅವನು 64 ರೂಪಾಯಿಯನ್ನು ಖರ್ಚು ಮಾಡುತ್ತಾನೆ. ಹೀಗೆ ಕೈಯಿಂದ ಕೈಗೆ ಸಾಗಿ ಒಟ್ಟು ವರಮಾನ 500 ರೂಪಾಯಿ ಹೆಚ್ಚುತ್ತದೆ. ನೂರಕ್ಕೆ 80ರ ಬದಲು 90ನ್ನು ಖರ್ಚು ಮಾಡುವ ಜನರಿದ್ದರೆ ಅದು 1000 ರೂಪಾಯಿ. ಬಡವನು ಉಳಿಸುವುದು ಕಡಮೆ, ಉಣ್ಣುವುದಕ್ಕೇ ವೆಚ್ಚ ಹೆಚ್ಚು. ಆದ್ದರಿಂದ ಸೂತ್ರವನ್ನು ಅಕ್ಷರಶಃ ಅನ್ವಯಿಸಿದರೆ ಬಡದೇಶವೇ ಎಲ್ಲಕ್ಕಿಂತ ಬೇಗ ಸಿರಿವಂತವಾಗಬೇಕು! ಹಾಗೇಕೆ ಆಗುವುದಿಲ್ಲ?

ರಾವ್ ಅವರ ಉತ್ತರವು ಸೂತ್ರದ ಗಣಿತವನ್ನು ಅಲ್ಲಗಳೆಯುವುದಿಲ್ಲ. ಅದರ ಹಿಂದಿರುವ ಗೃಹೀತಗಳನ್ನು ಒಂದೊಂದಾಗಿ ಹೊರತೆಗೆದು ತೋರಿಸುತ್ತದೆ. ಕೇನ್ಸರ ಮುಂದಿದ್ದುದು ಕೆಲಸ ಕಳೆದುಕೊಂಡ ಕೂಲಿಕಾರ ಮತ್ತು ಸ್ತಬ್ಧವಾಗಿ ನಿಂತ ಯಂತ್ರ. ಬೇಡಿಕೆ ಬಂದೊಡನೆ ಎರಡೂ ಚಲಿಸುತ್ತವೆ. ಭಾರತದಲ್ಲಿರುವುದಾದರೋ ಮರೆಮಾಚಿದ ನಿರುದ್ಯೋಗ. ಇಬ್ಬರು ಉಳಬಹುದಾದ ಹೊಲದಲ್ಲಿ ನಾಲ್ವರು ದುಡಿಯುತ್ತಾರೆ. ಅವರು ಯಾರೂ ತಮ್ಮನ್ನು ನಿರುದ್ಯೋಗಿಗಳೆಂದು ಬರೆಸಿಕೊಂಡವರಲ್ಲ. ಕೈಗೆ ಹಣ ಬಂದರೆ ಅವರು ಮೊದಲು ಕೊಳ್ಳುವುದು ಧಾನ್ಯವನ್ನು. ನೀರು, ಬೀಜ, ಎತ್ತು ಇಲ್ಲದ ಹೊಲವು ಪೇಟೆಯ ಬೇಡಿಕೆಯನ್ನು ಕೇಳಿ ಹೆಚ್ಚು ಬೆಳೆಯಲಾರದು. ಬೆಳೆದರೂ ರೈತನ ಅರೆಹೊಟ್ಟೆಯ ಸಂಸಾರವೇ ಅದನ್ನು ಉಂಡು ಮುಗಿಸುವುದರಿಂದ ಪೇಟೆಗೆ ಬರುವ ಕಾಳು ಹೆಚ್ಚುವುದಿಲ್ಲ. ಕಡೆಗೆ ಏರುವುದು ಉತ್ಪನ್ನವಲ್ಲ, ಬೆಲೆ. ಆದ್ದರಿಂದ ಇಂತಹ ದೇಶಕ್ಕೆ ಹೆಚ್ಚು ದುಡಿದು ಹೆಚ್ಚು ಉಳಿಸುವ ಹಳೆಯ ಮಾರ್ಗವೇ ಹಿತವೆಂದು ಅವರು ನಿರ್ಣಯಿಸಿದರು.

ಆಗ ಮೊದಲ ಪಂಚವಾರ್ಷಿಕ ಯೋಜನೆಯ ಕಾಲ. ಹಣ ಮುದ್ರಿಸಿ ಯೋಜನೆ ನಡೆಸಬಹುದೇ ಎಂಬ ಚರ್ಚೆ ಬರಿಯ ಪಂಡಿತವಾದವಾಗಿರಲಿಲ್ಲ. ಬೆಲೆ ಏರಿದರೆ ಅದರ ಬಿಸಿ ತಟ್ಟುವುದು ಧಾನ್ಯವನ್ನು ಕೊಂಡು ತಿನ್ನುವ ಕೂಲಿಕಾರನಿಗೆ. ಗುರುವಿನ ಸಿದ್ಧಾಂತಕ್ಕೆ ಎಲ್ಲೆಯನ್ನು ಗುರುತಿಸಿದ್ದನ್ನು ಗುರುದ್ರೋಹವೆಂದು ಭಾವಿಸಬೇಕಾಗಿಲ್ಲ. ರಾವ್ ಅವರು ಬಿಟ್ಟದ್ದು ಕೇನ್ಸರ ತೀರ್ಮಾನವನ್ನು. ಕಣ್ಣೆದುರಿನ ಸ್ಥಿತಿಯಿಂದ ಶಾಸ್ತ್ರವನ್ನು ಕಟ್ಟುವ ಅವರ ರೀತಿಯನ್ನಲ್ಲ. 1958ರಲ್ಲಿ ಮುಂಬಯಿಯಿಂದ ಪ್ರಕಟವಾದ ಹಿಂದುಳಿದ ದೇಶಗಳ ಅರ್ಥಶಾಸ್ತ್ರದ ಪ್ರಸಿದ್ಧ ಸಂಕಲನದಲ್ಲಿ ಈ ಲೇಖನವು ಸೇರಿತು. ಅಂದಿನಿಂದ ಭಾರತದ ಪದವಿ ತರಗತಿಗಳಲ್ಲಿ ಗುಣಕದ ಪಾಠದ ಬೆನ್ನಿಗೇ ರಾವ್ ಅವರ ಆಕ್ಷೇಪವೂ ಬರುವುದು ವಾಡಿಕೆಯಾಯಿತು.

ಪದವಿಗಳು ಒಂದರ ಮೇಲೊಂದು ಬಂದವು. 1957ರಿಂದ 1960ರವರೆಗೆ ದೆಹಲಿ ವಿಶ್ವವಿದ್ಯಾನಿಲಯದ ಕುಲಪತಿ. ಆನಂತರ ಯೋಜನಾ ಆಯೋಗದ ಸದಸ್ಯ. 1967ರಲ್ಲಿ ಮತ್ತು 1971ರಲ್ಲಿ ಬಳ್ಳಾರಿ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆ. ಕೇಂದ್ರದಲ್ಲಿ ಸಾರಿಗೆ, ಬಳಿಕ ಶಿಕ್ಷಣ ಖಾತೆಯ ಸಚಿವ. 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾನಿಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಯನ್ನು ಪ್ರಾರಂಭಿಸಿದವರು ಇವರೇ. ಕಾಲೇಜಿನ ಹುಡುಗರು ಶಿಬಿರಕ್ಕೆಂದು ಹಳ್ಳಿಗೆ ಹೋಗಿ ಗುದ್ದಲಿ ಹಿಡಿಯುವ ಪದ್ಧತಿ ಈ ಯೋಜನೆಯಿಂದ ನೆಲೆಗೊಂಡಿತು.

ಆದರೂ ಅಧಿಕಾರಕ್ಕಿಂತ ಸಂಸ್ಥೆಗಳನ್ನು ಕಟ್ಟುವುದರಲ್ಲಿಯೇ ಅವರ ಮನಸ್ಸು. ದೆಹಲಿಯಲ್ಲಿ ಅರ್ಥಶಾಸ್ತ್ರ ಶಾಲೆಯಲ್ಲದೆ ಆರ್ಥಿಕ ಬೆಳವಣಿಗೆಯ ಅಧ್ಯಯನ ಸಂಸ್ಥೆಯನ್ನೂ ಕಟ್ಟಿದ್ದ ಅವರು, 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿದರು. ಅರುವತ್ತು ದಾಟಿದ ಮೇಲೆ ಮೂರನೆಯ ಸಲ ತಳಪಾಯದಿಂದ ಆರಂಭಿಸುವ ಉತ್ಸಾಹ ಎಲ್ಲರಿಗೂ ಸಾಧ್ಯವಿಲ್ಲ. ನಾಗರಭಾವಿಯಲ್ಲಿ ನೆಲೆನಿಂತ ಆ ಸಂಸ್ಥೆಯ ಗ್ರಂಥಾಲಯಕ್ಕೆ ಅವರ ಹೆಸರನ್ನೇ ಇಡಲಾಗಿದೆ. 1974ರಲ್ಲಿ ಅವರಿಗೆ ಪದ್ಮವಿಭೂಷಣ ಪ್ರಶಸ್ತಿ ಸಂದಿತು.

1991ರ ಜುಲೈ 24ರಂದು ಭಾರತದ ಆರ್ಥಿಕ ನೀತಿಯ ದಿಕ್ಕನ್ನೇ ಬದಲಿಸಿದ ಮುಂಗಡಪತ್ರವು ಲೋಕಸಭೆಯಲ್ಲಿ ಮಂಡಿತವಾಯಿತು. ಅದನ್ನು ಮಂಡಿಸಿದ ಡಾ. ಮನಮೋಹನ ಸಿಂಗ್ ಅವರು ರಾವ್ ಅವರು ಕಟ್ಟಿದ ದೆಹಲಿ ಅರ್ಥಶಾಸ್ತ್ರ ಶಾಲೆಯಲ್ಲಿ 1969ರಿಂದ ಎರಡು ವರ್ಷ ಪ್ರಾಧ್ಯಾಪಕರಾಗಿದ್ದವರು. ಮರುದಿನ, ಜುಲೈ 25ರಂದು, ಎಂಬತ್ತಮೂರನೆಯ ವಯಸ್ಸಿನಲ್ಲಿ ರಾವ್ ಅವರು ನಿಧನರಾದರು.